ದಾರಿ ತೋರುವವರು, ದಾರಿ ನಡೆಯುವವರು



ಕಳೆದ ಅಮಾವಾಸ್ಯೆಯಂದು ದಾಸೋಹ ಮುಗಿದು ಭಕ್ತಾದಿಗಳೆಲ್ಲ ತಮ್ಮ ತಮ್ಮ ಊರುಗಳಿಗೆ ಹೊರಟ ಮೇಲೆ ನಾವು ಶ್ರೀಮಠದ ಕಚೇರಿಯಲ್ಲಿ ಕುಳಿತು ಕಾಣಿಕೆಯ ಲೆಕ್ಕ ಬರೆಯುತ್ತಿದ್ದೆವು. ಆಗ ಆದವಾನಿಯ ಹತ್ತಿ ವ್ಯಾಪಾರದಲ್ಲಿರುವ ಹಿರಿಯ ಭಕ್ತರೊಬ್ಬರು ಮಗನನ್ನು ಕರೆದುಕೊಂಡು ಒಳಗೆ ಬಂದರು. ಮಗ ಪದವಿ ಮುಗಿಸಿ ಎರಡು ವರ್ಷದಿಂದ ತಂದೆಯ ದಲಾಲಿ ಅಂಗಡಿಯಲ್ಲಿ ಕೂರುತ್ತಿದ್ದಾನೆ. ಮನೆಯವರಿಗೆ ತಿಳಿಸದೆ ದೂರದ ಊರಿನ 'ಲೈಫ್ ಕೋಚ್' ಒಬ್ಬರಿಗೆ ಮೂರು ತಿಂಗಳ ಶುಲ್ಕವೆಂದು 40,000 ರೂಪಾಯಿ ಕಳಿಸಿದ್ದಾನೆ. ಅವರು ವಾರಕ್ಕೊಮ್ಮೆ ಫೋನಿನಲ್ಲಿ ಇವನೊಡನೆ ಮಾತನಾಡುತ್ತಾರೆ.

“ಕಾರ್ಯದರ್ಶಿಗಳೇ, ನೀವು ಲೆಕ್ಕ ಓದಿದವರು. ಇದನ್ನ ಯಾವ ಖಾತೆಗೆ ಬರೀಲಿ ಹೇಳ್ರಿ. ಖರ್ಚೋ, ಬಂಡವಾಳೋ, ಇಲ್ಲಾ ಮುಳುಗಿದ ಬಾಕೀನೋ?” ಎಂದು ತಂದೆ ಕೇಳಿದರು.

ನಾವು ನಕ್ಕು, “ಯಾಕಪ್ಪಾ, ಮಾತನಾಡಲು ಮಠ ಇರಲಿಲ್ಲವೇ?” ಎಂದು ಹುಡುಗನನ್ನು ಕೇಳಿದೆವು. ಅವನು ತಲೆ ತಗ್ಗಿಸಿಕೊಂಡೇ, “ಮಠಕ್ಕ ಮೂರು ಸಲ ಬಂದಿದ್ದೆನ್ರಿ. ಎಲ್ಲಾರೂ ಅಪ್ಪ ಹೇಳಿದಂಗ ಕೇಳು ಅಂದ್ರು. ನಿನಗೇನು ಅನ್ನಸ್ತೈತಿ ಅಂತ ಒಬ್ಬರೂ ಕೇಳಲಿಲ್ಲ” ಎಂದನು. ನಮ್ಮ ನಗು ಅಲ್ಲಿಗೇ ನಿಂತಿತು. ಆ ಮೂರು ಸಲಗಳಲ್ಲಿ ಒಂದು ಸಲ ಹಾಗೆ ಹೇಳಿ ಕಳಿಸಿದವರು ನಾವೇ ಆಗಿದ್ದೆವು.

ಅಂದಿನಿಂದ ಈ ವಿಷಯ ನಮ್ಮನ್ನು ಕಾಡುತ್ತಿದೆ. ಹಣ ಪಡೆದು ಬಾಳಿಗೆ ದಾರಿ ತೋರುವವರಿಂದ ನಾವು ಏನನ್ನು ನಿರೀಕ್ಷಿಸಬಹುದು? ಏನನ್ನು ನಿರೀಕ್ಷಿಸಬಾರದು?

'ಕೋಚ್' ಎಂಬ ಮಾತು ಮೊದಲು ಕುದುರೆ ಗಾಡಿಗೆ ಇದ್ದ ಹೆಸರು. ಹಂಗೇರಿ ದೇಶದ ಕೊಚ್ ಎಂಬ ಹಳ್ಳಿಯಲ್ಲಿ ತಯಾರಾಗುತ್ತಿದ್ದ ಗಾಡಿಯಿಂದ ಅದು ಬಂದಿತು. 19ನೇ ಶತಮಾನದಲ್ಲಿ ಇಂಗ್ಲೆಂಡಿನ ವಿದ್ಯಾರ್ಥಿಗಳು ತಮ್ಮನ್ನು ಪರೀಕ್ಷೆಯಲ್ಲಿ ದಡ ಮುಟ್ಟಿಸುವ ಪಾಠದ ಮೇಷ್ಟ್ರನ್ನು ತಮಾಷೆಗೆ ಹಾಗೆ ಕರೆದರು. ಮುಂದೆ ಆಟ ಕಲಿಸುವವರಿಗೂ, ಕೊನೆಗೆ ಬಾಳಿನ ಸಲಹೆಗಾರರಿಗೂ ಅದೇ ಹೆಸರು ಬಂತು. ಈ ವೃತ್ತಿಯವರ ಅಂತಾರಾಷ್ಟ್ರೀಯ ಸಂಘವೊಂದು 1995ರಲ್ಲಿ ಅಮೆರಿಕದಲ್ಲಿ ಹುಟ್ಟಿತು. ಗಾಡಿ ಎಷ್ಟೇ ಚೆನ್ನಾಗಿರಲಿ, ಯಾವ ಊರಿಗೆ ಹೋಗಬೇಕೆಂದು ಹೇಳಬೇಕಾದವರು ಗಾಡಿಯಲ್ಲಿ ಕುಳಿತವರೇ ಅಲ್ಲವೇ?

ಒಳ್ಳೆಯ ಕೋಚ್ ಮಾಡುವ ಕೆಲಸವೂ ಇಷ್ಟೇ. ನಿಮಗೆ ಏನು ಬೇಕೆಂದು ಮೊದಲು ಕೇಳುತ್ತಾರೆ. ಎಷ್ಟು ಭೇಟಿ, ಎಷ್ಟು ಶುಲ್ಕ ಎಂಬುದನ್ನು ಬರೆದು ಕೊಡುತ್ತಾರೆ. ವಾರಕ್ಕೋ ಹದಿನೈದು ದಿನಕ್ಕೋ ಒಂದು ಗಂಟೆ ಮಾತು, ಮುಂದಿನ ಭೇಟಿಯೊಳಗೆ ನೀವೇ ಒಪ್ಪಿಕೊಂಡ ಒಂದು ಸಣ್ಣ ಕೆಲಸ, ಅದು ಆಯಿತೇ ಇಲ್ಲವೇ ಎಂಬ ವಿಚಾರಣೆ. ಹೇಳಿದ್ದನ್ನು ಗುಟ್ಟಾಗಿ ಇಡುತ್ತಾರೆ. ತೀರ್ಮಾನ ಮಾತ್ರ ನಿಮ್ಮದೇ.

ಆದರೆ ನಮ್ಮ ದೇಶದಲ್ಲಿ ಲೈಫ್ ಕೋಚ್ ಎಂದು ಬೋರ್ಡು ಹಾಕಲು ಯಾವ ಸರ್ಕಾರಿ ಪರವಾನಗಿಯೂ ಬೇಕಿಲ್ಲ. ವೈದ್ಯರಿಗೆ, ವಕೀಲರಿಗೆ ಇರುವಂತಹ ಕಾಯಿದೆಯ ನೋಂದಣಿ ಇವರಿಗಿಲ್ಲ. ಆದ್ದರಿಂದ ಬಿತ್ತನೆ ಬೀಜ ಕೊಳ್ಳುವಾಗ ಚೀಲ ತಿರುಗಿಸಿ ನೋಡುವಂತೆ ಇಲ್ಲಿಯೂ ನೋಡಬೇಕು. ಎಲ್ಲಿ ಕಲಿತರು, ನಡುವೆ ಬಿಟ್ಟರೆ ಹಣ ವಾಪಸು ಬರುವುದೇ, ನಮ್ಮ ಮನೆಮಾತಿನಲ್ಲಿ ಮಾತನಾಡಬಲ್ಲರೇ ಎಂದು ಕೇಳಬೇಕು. ಕೊನೆಯ ಪ್ರಶ್ನೆ ನಮಗೆ ಬಹು ಮುಖ್ಯ. 1953ರಲ್ಲಿ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದವು. ನಮ್ಮ ಎಷ್ಟೋ ಮಕ್ಕಳು ಶಾಲೆಯಲ್ಲಿ ತೆಲುಗು ಕಲಿತು, ಕಾಲೇಜಿನಲ್ಲಿ ಇಂಗ್ಲಿಷ್ ಓದಿ, ಮನೆಯಲ್ಲಿ ಕನ್ನಡ ಆಡುತ್ತಾರೆ. ಆದರೆ ದುಃಖ ಬಂದಾಗ ಮನಸ್ಸು ಬಿಚ್ಚಿಕೊಳ್ಳುವುದು ತಾಯಿ ಆಡಿದ ಮಾತಿನಲ್ಲಿಯೇ.

ಇನ್ನು ನಿರೀಕ್ಷಿಸಬಾರದ್ದು. ಸಾಲ ತೀರುವುದಿಲ್ಲ, ಮಳೆ ಬರುವುದಿಲ್ಲ, ಹತ್ತಿಯ ದರ ಏರುವುದಿಲ್ಲ. ತೊಂಬತ್ತು ದಿನದಲ್ಲಿ ಬಾಳು ಬದಲಾಗುವುದೆಂದು ಮಾತು ಕೊಡುವವರನ್ನು ನಂಬಬಾರದು. ನಿದ್ರೆ ಕೆಟ್ಟು, ಊಟ ಬಿಟ್ಟು, ಬದುಕೇ ಬೇಡವೆನ್ನಿಸಿದರೆ ಅದು ಕೋಚ್‌ನ ಕೆಲಸವಲ್ಲ, ವೈದ್ಯರ ಕೆಲಸ. ಸರ್ಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ಸಹಾಯವಾಣಿಯಿದೆ. ಅದರ ಸಂಖ್ಯೆ 14416. ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಹಗಲು ರಾತ್ರಿ ಮಾತನಾಡಬಹುದು, ಹಣ ಕೊಡಬೇಕಿಲ್ಲ. ಈ ಸಂಖ್ಯೆಯನ್ನು ಪ್ರತಿಯೊಂದು ಮನೆಯ ಗೋಡೆಯ ಮೇಲೆ ಬರೆದಿಡಬೇಕೆಂದು ನಮ್ಮ ಪ್ರಾರ್ಥನೆ.

ಸಲಹೆಗೆ ಹಣ ಪಡೆಯುವುದು ತಪ್ಪೇ ಎಂದು ಕೆಲವರು ಕೇಳಬಹುದು. ವಕೀಲರು ಪಡೆಯುತ್ತಾರೆ, ಮೇಷ್ಟ್ರು ಪಡೆಯುತ್ತಾರೆ. ದುಡಿದು ಪಡೆದದ್ದು ಪಾಪವಲ್ಲ. ಆದರೆ ಗಿರಾಕಿಯು ಬೇಗ ತನ್ನ ಕಾಲ ಮೇಲೆ ನಿಂತರೆ ವ್ಯಾಪಾರ ಕಡಿಮೆಯಾಗುತ್ತದೆ ಎಂಬ ಆಸೆ ಇಲ್ಲಿ ಒಳನುಗ್ಗಬಹುದು. ಆದುದರಿಂದ ದಿನ ಕಳೆದಂತೆ ತನ್ನ ಅಗತ್ಯವನ್ನು ಕಡಿಮೆ ಮಾಡಿಕೊಳ್ಳುವವನೇ ಒಳ್ಳೆಯ ಮಾರ್ಗದರ್ಶಕನೆಂದು ತಿಳಿಯಬೇಕು. ಈ ಮಾತು ಮಠಗಳಿಗೂ ಅನ್ವಯಿಸುತ್ತದೆ. “ಕೋಚ್ ಹೇಳಿದರು, ಮಾಡಿದೆ” ಎನ್ನುವುದು ಎಷ್ಟು ತಪ್ಪೋ, “ಸ್ವಾಮಿಗಳು ಹೇಳಿದರು, ಮಾಡಿದೆ” ಎನ್ನುವುದೂ ಅಷ್ಟೇ ತಪ್ಪು. ಮಾಡಿದವನ ಖಾತೆಗೇ ಅದರ ಫಲ ಜಮೆಯಾಗುತ್ತದೆ.

ನಮ್ಮ ನೆರೆಯ ರಾಯಚೂರು ಸೀಮೆಯವರೆಂದು ಹೇಳಲಾಗುವ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಕಥೆ ನಿಮಗೆಲ್ಲ ಗೊತ್ತಿದೆ. ಕಲ್ಯಾಣದಲ್ಲಿ ಅನುಭಾವದ ಮಾತಿನಲ್ಲಿ ಮೈಮರೆತ ಮಾರಯ್ಯನಿಗೆ ಕಾಯಕದ ಹೊತ್ತಾಯಿತೆಂದು ನೆನಪಿಸಿದವಳು ಲಕ್ಕಮ್ಮ. ಅವನು ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದವಳೂ ಅವಳೇ. ಗಮನಿಸಿ, ಅವಳು ಗಂಡನ ಬದಲಿಗೆ ತಾನು ಅಕ್ಕಿ ಆಯಲು ಹೋಗಲಿಲ್ಲ. ಹೊತ್ತು ನೆನಪಿಸಿದಳು, ಅಳತೆ ನೆನಪಿಸಿದಳು. ನಡೆದವನು ಮಾರಯ್ಯನೇ. ದಿನವೂ ಎಷ್ಟು ಅಕ್ಕಿ ಬರುತ್ತದೆಂದು ಬಲ್ಲವಳಾದ್ದರಿಂದ ಅವಳಿಗೆ ಆ ಮಾತು ಸಾಧ್ಯವಾಯಿತು. ನಮ್ಮನ್ನು ಹತ್ತಿರದಿಂದ ಬಲ್ಲವರು ಆಡುವ ಮಾತಿಗೆ ಇರುವ ಬೆಲೆ ಇದು. ಆದರೆ ಹತ್ತಿರದವರು ಕೇಳುವುದನ್ನೇ ಬಿಟ್ಟು ಹೇಳುವುದನ್ನು ಮಾತ್ರ ಉಳಿಸಿಕೊಂಡರೆ ಮಕ್ಕಳು ದೂರದವರ ಕಿವಿಯನ್ನು ಬಾಡಿಗೆಗೆ ಹಿಡಿಯುತ್ತಾರೆ. ಆ ತಪ್ಪು ಮಕ್ಕಳದ್ದಲ್ಲ.

ಆ ದಿನ ನಾವು ಲೆಕ್ಕದ ಪುಸ್ತಕ ಮುಚ್ಚಿಟ್ಟು, “ಈಗ ಹೇಳಪ್ಪಾ, ನಿನಗೇನು ಅನ್ನಿಸುತ್ತದೆ?” ಎಂದೆವು. ನಡುವೆ ಬಾಯಿ ಹಾಕಬಾರದೆಂದು ತಂದೆಯವರನ್ನು ಬೇಡಿಕೊಂಡೆವು. ಹುಡುಗ ಮುಕ್ಕಾಲು ಗಂಟೆ ಮಾತನಾಡಿದನು. ಅಂಗಡಿ ಬಿಡುವ ಆಸೆ ಅವನಿಗಿಲ್ಲ. ರೈತರಿಗೆ ಮುಂಗಡ ಕೊಟ್ಟು, ಅವರ ಹತ್ತಿ ನಮ್ಮ ಅಂಗಡಿಗೇ ಬರಬೇಕೆಂದು ಕಟ್ಟಿಹಾಕುವ ಪದ್ಧತಿ ಅವನ ಮನಸ್ಸಿಗೆ ಒಗ್ಗುತ್ತಿಲ್ಲ. ಅದನ್ನು ತಂದೆಗೆ ಹೇಳುವ ಧೈರ್ಯ ಬಾರದೆ ಕೋಚ್‌ಗೆ ಹೇಳಿದ್ದಾನೆ. ತಂದೆಗೆ ನೀವೇ ಹೇಳಬೇಕೆಂದು ಆ ಕೋಚ್ ಮೂರು ವಾರದಿಂದ ಒತ್ತಾಯಿಸುತ್ತಿದ್ದರಂತೆ. ಅಷ್ಟರಮಟ್ಟಿಗೆ ಅವರು ತಮ್ಮ ಕೆಲಸ ಮಾಡಿದ್ದಾರೆಂದು ನಾವು ಒಪ್ಪಲೇಬೇಕು.

ತಂದೆ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಮನಿಗೆ ಹೋಗಿ ಖಾತೆ ತೆಗೆದು ನೋಡೋಣ ನಡಿ” ಎಂದು ಎದ್ದರು. ಅವರು ಮುಂಗಡ ಬಿಡುವರೋ ಇಲ್ಲವೋ ನಾವು ಕೇಳಿಲ್ಲ. ಅದು ಅವರಿಬ್ಬರು ಕೂಡಿ ತೀರ್ಮಾನಿಸಬೇಕಾದ್ದು. ಆ 40,000 ಯಾವ ಖಾತೆಗೆ ಎಂಬುದಕ್ಕೆ ನಮ್ಮ ಉತ್ತರ ಇಷ್ಟೇ: ಕೊಟ್ಟ ದಿನವೇ ಅದನ್ನು ಬರೆಯಲಾಗದು, ತಂದೆ ಮಗ ಒಂದೇ ಗಾದಿಯ ಮೇಲೆ ಕುಳಿತು ಮನಸ್ಸು ಬಿಚ್ಚಿ ಮಾತನಾಡುವರೇ ಎಂಬುದನ್ನು ವರ್ಷದ ಕೊನೆಯಲ್ಲಿ ನೋಡಿ ಬರೆಯಬೇಕು.

ಇನ್ನು ಮುಂದೆ ಪ್ರತಿ ಸೋಮವಾರ ಸಂಜೆಯ ಪೂಜೆಯ ನಂತರ ಒಂದು ಗಂಟೆ ನಾವು ಕಚೇರಿಯಲ್ಲಿ ಲೆಕ್ಕ ಬರೆಯದೆ ಕುಳಿತಿರುತ್ತೇವೆ. ಯಾರು ಬೇಕಾದರೂ ಬರಬಹುದು. ಶುಲ್ಕವಿಲ್ಲ. ಕೇಳದ ಹೊರತು ಬುದ್ಧಿ ಹೇಳುವುದಿಲ್ಲವೆಂದು ಮಾತು ಕೊಡುತ್ತೇವೆ. ನಾವು ಈ ಮಾತಿಗೆ ತಪ್ಪಿದರೆ ತಪ್ಪಿದಿರೆಂದು ಮುಖಕ್ಕೇ ಹೇಳಬೇಕು.