ಬಿಟ್ಟುಕೊಡೋಕೆ ಅಂತಲೇ ಸಾಕೋದು

ಫಾಸ್ಟರ್ ಮಾಡೋದು ಅನ್ನೋದಕ್ಕೆ ಕನ್ನಡದಲ್ಲಿ ಒಂದು ಪದ ಹುಡುಕಿದೆ, ಸಿಗಲಿಲ್ಲ. 'ಸಾಕೋದು' ಅಂದರೆ ನಾಯಿ ನಮ್ಮದೇ ಆಗಿಬಿಡುತ್ತೆ. 'ಇಟ್ಟುಕೊಳ್ಳೋದು' ಅಂದರೆ ಊರಿಗೆ ಹೋಗುವ ಸ್ನೇಹಿತರು ಎರಡು ವಾರಕ್ಕೆ ಬಿಟ್ಟುಹೋದ ಹಾಗೆ. ಇದು ಎರಡೂ ಅಲ್ಲ. ಶೆಲ್ಟರ್‌ನಲ್ಲಿ ಯಾರೂ ಕೇಳದೆ ಬಿದ್ದಿದ್ದ ನಾಯಿಯನ್ನು ಮನೆಗೆ ತರುತ್ತೀರಿ. ಮೂರು ವಾರವೋ ಐದು ತಿಂಗಳೋ ನೋಡಿಕೊಳ್ಳುತ್ತೀರಿ. ಅದು ನಿಮ್ಮನ್ನು ನಂಬೋಕೆ ಶುರು ಮಾಡಿದ ಮೇಲೆ ಇನ್ನೊಬ್ಬರ ಕೈಗೆ ಕೊಡುತ್ತೀರಿ. ಕಾಗದದ ಪ್ರಕಾರ ಅದು ಒಂದು ದಿನವೂ ನಿಮ್ಮದಲ್ಲ. ಒಡೆತನ ರೆಸ್ಕ್ಯೂ ಸಂಸ್ಥೆಯದು, ಡಾಕ್ಟರ್ ಬಿಲ್ಲೂ ಅವರದೇ. ನಿಮ್ಮದು ಮನೆ, ಸಮಯ ಮತ್ತು ಸೋಫಾ.

ನ್ಯೂಜೆರ್ಸಿಯಲ್ಲಿ ನಾವು ಇದನ್ನು ಶುರು ಮಾಡಿ ಆರು ವರ್ಷ ಆಯಿತು. ಹನ್ನೊಂದು ನಾಯಿಗಳು ಬಂದು ಹೋಗಿವೆ. ಕೂದಲು ಉದುರಲ್ವಾ, ಡಿಸೆಂಬರ್‌ನಲ್ಲಿ ಇಂಡಿಯಾಗೆ ಹೋದಾಗ ಏನ್ ಮಾಡ್ತೀರಾ ಅಂತ ಜನ ಕೇಳುತ್ತಾರೆ. ಅದಕ್ಕೆಲ್ಲ ಉತ್ತರ ಇದೆ. ಉತ್ತರ ಹೇಳೋಕೆ ಕಷ್ಟವಾದದ್ದು ಮಗಳಿಗೆ ಹತ್ತು ವರ್ಷವಿದ್ದಾಗ ಅವಳು ಕೇಳಿದ ಪ್ರಶ್ನೆಗೆ. "ಅಮ್ಮಾ, ಇದು ಟೆಂಪರರಿ ಅಂತ ಅದಕ್ಕೆ ಗೊತ್ತಿಲ್ಲ ಅಲ್ವಾ? ಹಾಗಾದ್ರೆ ನಾವು ಅದಕ್ಕೆ ಸುಳ್ಳು ಹೇಳ್ತಾ ಇದ್ದೀವಾ?"

ಮಕ್ಕಳ ಪ್ರಶ್ನೆ ಅಂತ ತಳ್ಳಿಹಾಕೋ ಹಾಗಿಲ್ಲ. ದಿನಾ ಬೆಳಿಗ್ಗೆ ಊಟ ಹಾಕೋದು, ಗುಡುಗಿದಾಗ ಪಕ್ಕ ಕೂತು ಬೆನ್ನು ಸವರೋದು, ಹೊರಗೆ ಹೋದವರು ಸಂಜೆ ತಪ್ಪದೆ ವಾಪಸ್ ಬರೋದು, ಇವೆಲ್ಲ ಮಾತಿಲ್ಲದೆ ಕೊಟ್ಟ ಮಾತು. ನಾಯಿ ಅದನ್ನು ಹಾಗೆಯೇ ತೆಗೆದುಕೊಳ್ಳುತ್ತೆ. ಮತ್ತೆ ಒಂದು ಭಾನುವಾರ ಅಪರಿಚಿತರ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಅದು ಕಿಟಕಿಯಿಂದ ನಮ್ಮನ್ನೇ ನೋಡುತ್ತಾ ಹೋಗುತ್ತೆ.

ಮೊದಲು ಈ ನಾಯಿಗಳು ಎಲ್ಲಿಂದ ಬರುತ್ತವೆ ಅಂತ ಹೇಳಬೇಕು. ಎಎಸ್‌ಪಿಸಿಎ 2019ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಅಮೆರಿಕದ ಶೆಲ್ಟರ್‌ಗಳಿಗೆ ವರ್ಷಕ್ಕೆ ಸುಮಾರು 31 ಲಕ್ಷ ನಾಯಿಗಳು ಬರುತ್ತಿದ್ದವು. ಅವುಗಳಲ್ಲಿ ಸುಮಾರು 3 ಲಕ್ಷ 90 ಸಾವಿರ ನಾಯಿಗಳನ್ನು ಇಂಜೆಕ್ಷನ್ ಕೊಟ್ಟು ಸಾಯಿಸಲಾಗುತ್ತಿತ್ತು. ಆ ಲೆಕ್ಕ ಎಲ್ಲ ಕಡೆ ಒಂದೇ ಸಮ ಇಲ್ಲ. ದಕ್ಷಿಣದ ರಾಜ್ಯಗಳಲ್ಲಿ ಮರಿಗಳು ಹೆಚ್ಚು, ಶೆಲ್ಟರ್‌ಗಳಲ್ಲಿ ಜಾಗ ಕಡಿಮೆ. ನಮ್ಮ ಕಡೆ ನಾಯಿ ಬೇಕು ಅನ್ನೋರು ಹೆಚ್ಚು. ಹಾಗಾಗಿ ಜಾರ್ಜಿಯಾ, ಸೌತ್ ಕ್ಯಾರೊಲೈನಾ ಕಡೆಯಿಂದ ವ್ಯಾನುಗಳು ರಾತ್ರಿಯಿಡೀ ಐ-95ರಲ್ಲಿ ಓಡಿ, ಶನಿವಾರ ಬೆಳಗಿನ ಜಾವ ಯಾವುದೋ ಪಾರ್ಕಿಂಗ್ ಲಾಟ್‌ಗೆ ಬಂದು ನಿಲ್ಲುತ್ತವೆ. ಕೈಯಲ್ಲಿ ಹಗ್ಗ ಹಿಡಿದು ನಿಂತ ನಮ್ಮಂಥವರಿಗೆ ಒಂದೊಂದು ನಾಯಿ. ಒಂದು ಮನೆ ಖಾಲಿ ಇದೆ ಅಂದರೆ ಅಲ್ಲಿ ಒಂದು ಪಂಜರ ಖಾಲಿಯಾಯಿತು ಅಂತ ಅರ್ಥ.

ನಮಗೆ ಬಂದ ನಾಲ್ಕನೆಯದು ಜಾರ್ಜಿಯಾದ ಕಪ್ಪು ನಾಯಿ. ಶೆಲ್ಟರ್‌ನವರು ಇಟ್ಟ ಹೆಸರು ಡ್ಯೂಕ್, ನಮ್ಮನೆಯಲ್ಲಿ ಕರಿಯ. ಅದಕ್ಕೆ ಹಾರ್ಟ್‌ವರ್ಮ್ ಇತ್ತು. ಸೊಳ್ಳೆ ಕಚ್ಚಿ ಬರುವ ರೋಗ ಅದು, ಹುಳುಗಳು ಹೃದಯ ಮತ್ತು ಶ್ವಾಸಕೋಶದ ರಕ್ತನಾಳಗಳಲ್ಲಿ ಬೆಳೆಯುತ್ತವೆ. ತಿಂಗಳಿಗೊಂದು ಮಾತ್ರೆ ಕೊಟ್ಟರೆ ಬರೋದೇ ಇಲ್ಲ, ಬಂದ ಮೇಲೆ ಮಾತ್ರ ಸುಲಭವಲ್ಲ. ಮೊದಲು ತಿಂಗಳುಗಟ್ಟಲೆ ಮಾತ್ರೆ, ಆಮೇಲೆ ಸೊಂಟದ ಮಾಂಸಖಂಡಕ್ಕೆ ಆರ್ಸೆನಿಕ್ ಇರುವ ಔಷಧದ ಮೂರು ಇಂಜೆಕ್ಷನ್: ಒಂದು, ಒಂದು ತಿಂಗಳು ಬಿಟ್ಟು ಇನ್ನೊಂದು, ಮಾರನೇ ದಿನ ಮತ್ತೊಂದು. ಸತ್ತ ಹುಳುಗಳ ಚೂರು ಶ್ವಾಸಕೋಶದಲ್ಲಿ ಸಿಕ್ಕಿಕೊಳ್ಳಬಹುದು ಅಂತ ಅಷ್ಟೂ ಕಾಲ ನಾಯಿ ಓಡಬಾರದು, ಹಾರಬಾರದು. ಹೆಚ್ಚಿನ ಹೊತ್ತು ಕ್ರೇಟ್‌ನಲ್ಲೇ ಇರಬೇಕು.

ಅಂದರೆ, ಪಂಜರದಿಂದ ಬಿಡಿಸಿ ತಂದ ನಾಯಿಯನ್ನು ನಾವೇ ಐದು ತಿಂಗಳು ಕಟ್ಟಿಹಾಕಿದೆವು. ಯಾಕೆ ಅಂತ ಅದಕ್ಕೆ ಹೇಳೋಕೆ ಸಾಧ್ಯವಿಲ್ಲ. ನಾಯಿಯ ವಿಷಯದಲ್ಲಿ ನಾವು ಮಾಡುವ ಒಳ್ಳೆಯ ಕೆಲಸಗಳಲ್ಲಿ ಬಹುಪಾಲು ಅದರ ಒಪ್ಪಿಗೆ ಇಲ್ಲದೆಯೇ ಮಾಡುವಂಥವು. ಮಗಳ ಪ್ರಶ್ನೆಗೆ ನನ್ನ ಮೊದಲ ಉತ್ತರ ಸಿಕ್ಕಿದ್ದು ಇಲ್ಲೇ. ಸುಳ್ಳು ಅಂದರೆ, ಗೊತ್ತಾದರೆ ಬೇರೆ ದಾರಿ ಹಿಡಿಯುವವರಿಂದ ಸತ್ಯ ಮುಚ್ಚಿಡೋದು. ಕರಿಯನ ಮುಂದೆ ಬೇರೆ ದಾರಿ ಇರಲಿಲ್ಲ. ನಾವು ಅದರಿಂದ ಏನನ್ನೂ ಕಿತ್ತುಕೊಳ್ಳುತ್ತಿಲ್ಲ, ಅದರ ಪರವಾಗಿ ತೀರ್ಮಾನ ಮಾಡುತ್ತಿದ್ದೇವೆ. ಇದು ದೊಡ್ಡ ಅಧಿಕಾರ, ಹೆದರಬೇಕಾದ ಅಧಿಕಾರ. ಆದರೆ ಮೋಸ ಅಲ್ಲ.

ಮಗಳು ಒಪ್ಪಲಿಲ್ಲ. "ಆದ್ರೂ ಅದಕ್ಕೆ ನೋವಾಗತ್ತೆ." ಆಗುತ್ತೆ, ನಿಜ. ಎಷ್ಟು? ಬುಡಾಪೆಸ್ಟ್‌ನ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ರೆಸ್ಕ್ಯೂ ಕೇಂದ್ರದ ದೊಡ್ಡ ನಾಯಿಗಳ ಜೊತೆ ಒಬ್ಬ ಅಪರಿಚಿತರು ಹತ್ತು ಹತ್ತು ನಿಮಿಷದ ಹಾಗೆ ಮೂರು ಸಲ ಕಾಲ ಕಳೆದರು. ಅಷ್ಟಕ್ಕೇ ನಾಯಿಗಳು ಅವರನ್ನು ತಮ್ಮವರು ಅನ್ನೋ ಹಾಗೆ ಹಚ್ಚಿಕೊಂಡವು. ಒಟ್ಟು ಅರ್ಧ ಗಂಟೆ! ಓದಿದಾಗ ನನಗೆ ಹೊಟ್ಟೆಗೆ ಗುದ್ದಿದ ಹಾಗಾಯಿತು, ಎಷ್ಟು ಹಸಿದಿರಬೇಕು ಅವು ಅಂತ. ಆಮೇಲೆ ಅದರ ಇನ್ನೊಂದು ಮುಖವೂ ಕಂಡಿತು. ನಮ್ಮನ್ನು ಅಷ್ಟು ಬೇಗ ಹಚ್ಚಿಕೊಳ್ಳುವ ಜೀವ ಮುಂದಿನವರನ್ನೂ ಹಚ್ಚಿಕೊಳ್ಳುತ್ತೆ. ಅರಿಜೋನ ಸ್ಟೇಟ್ ಯೂನಿವರ್ಸಿಟಿಯವರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಐದು ಶೆಲ್ಟರ್‌ಗಳ ನಾಯಿಗಳನ್ನು ಒಂದೆರಡು ರಾತ್ರಿ ಮನೆಗಳಿಗೆ ಕಳಿಸಿ ಮೂತ್ರದಲ್ಲಿ ಕಾರ್ಟಿಸೋಲ್ ಅಳೆದರು. ಮನೆಯಲ್ಲಿದ್ದಾಗ ಒತ್ತಡ ಇಳಿದಿತ್ತು. ಶೆಲ್ಟರ್‌ಗೆ ವಾಪಸಾದ ಮೇಲೆ ಮೊದಲಿದ್ದ ಮಟ್ಟಕ್ಕೆ ಬಂತು, ಅದಕ್ಕಿಂತ ಮೇಲೆ ಹೋಗಲಿಲ್ಲ. ಒಂದೆರಡು ರಾತ್ರಿಗೂ ಐದು ತಿಂಗಳಿಗೂ ವ್ಯತ್ಯಾಸ ಇದೆ, ಒಪ್ಪುತ್ತೇನೆ. ಆದರೆ 'ರುಚಿ ತೋರಿಸಿ ಕಿತ್ತುಕೊಂಡರೆ ಇನ್ನೂ ಕಷ್ಟ, ಅದಕ್ಕಿಂತ ತೋರಿಸದೆ ಇರೋದೇ ಮೇಲು' ಅನ್ನೋ ಮಾತಿಗೆ ಇದರಲ್ಲಿ ಆಧಾರ ಸಿಗಲಿಲ್ಲ.

ನಮ್ಮ ಹಳೆಯ ಕಥೆಗಳಲ್ಲಿ ಇದಕ್ಕೆ ಎರಡು ಉತ್ತರ ಇದೆ, ಮೇಲುನೋಟಕ್ಕೆ ಒಂದಕ್ಕೊಂದು ವಿರುದ್ಧ. ಮಹಾಪ್ರಸ್ಥಾನದಲ್ಲಿ ಹೆಂಡತಿ, ತಮ್ಮಂದಿರು ಎಲ್ಲ ಬಿದ್ದ ಮೇಲೂ ಧರ್ಮರಾಯನ ಹಿಂದೆ ಒಂದು ನಾಯಿ ಬರುತ್ತಿರುತ್ತೆ. ಇಂದ್ರ ರಥ ತಂದು ನಾಯಿಗೆ ಸ್ವರ್ಗದಲ್ಲಿ ಜಾಗವಿಲ್ಲ ಅಂದಾಗ, ನಂಬಿ ಬಂದವರನ್ನು ಬಿಟ್ಟು ಬರೋದು ಮಹಾಪಾಪ, ಹಾಗಾದರೆ ಸ್ವರ್ಗವೇ ಬೇಡ ಅನ್ನುತ್ತಾನೆ ಅವನು. ಇದನ್ನು ಕೇಳಿದರೆ ಫಾಸ್ಟರ್ ಮಾಡುವ ನಾವೆಲ್ಲ ಪಾಪಿಗಳೇ. ಇನ್ನೊಂದು ಭಾಗವತದ ಭರತನ ಕಥೆ. ರಾಜ್ಯ ಬಿಟ್ಟು ಗಂಡಕಿ ನದಿಯ ದಡದಲ್ಲಿ ತಪಸ್ಸಿಗೆ ಕೂತವನು ತಾಯಿ ಸತ್ತ ಜಿಂಕೆಮರಿಯನ್ನು ಎತ್ತಿ ತಂದು ಸಾಕುತ್ತಾನೆ. ಜಪ ತಪ ಎಲ್ಲ ಹೋಗಿ ಅದೇ ಧ್ಯಾನ. ಸಾಯುವಾಗಲೂ ಅದನ್ನೇ ನೆನೆದು ಮುಂದಿನ ಜನ್ಮದಲ್ಲಿ ಜಿಂಕೆಯಾಗಿ ಹುಟ್ಟುತ್ತಾನೆ. ಚಿಕ್ಕಂದಿನಲ್ಲಿ ಕೇಳಿದಾಗ ನನಗೆ ಸಿಟ್ಟು ಬಂದಿತ್ತು. ಅನಾಥ ಮರಿಯನ್ನು ಸಾಕಿದ್ದಕ್ಕೆ ಇಂಥ ಶಿಕ್ಷೆಯಾ?

ಈಗ ಎರಡನ್ನೂ ಬೇರೆ ಥರ ಓದುತ್ತೇನೆ. ಧರ್ಮರಾಯ ಒಪ್ಪಿದ್ದರೆ ಆ ನಾಯಿ ಹಿಮದಲ್ಲಿ ಒಂಟಿಯಾಗಿ ಉಳಿಯುತ್ತಿತ್ತು. ಅವನು ಬೇಡ ಅಂದದ್ದು ಹಾಗೆ ಬಿಟ್ಟುಹೋಗೋದನ್ನು. ಭರತನ ತೊಂದರೆ ಪ್ರೀತಿ ಅಲ್ಲ. ಕೊನೆಕೊನೆಗೆ ಜಿಂಕೆಗೆ ಭರತ ಬೇಕಿತ್ತೋ, ಭರತನಿಗೆ ಜಿಂಕೆ ಬೇಕಿತ್ತೋ ಅನ್ನೋದೇ ಗೊತ್ತಾಗದ ಹಾಗಾಗಿತ್ತು. ತಾನಿಲ್ಲದ ದಿನಕ್ಕೆ ಆ ಮರಿಗೆ ಏನು ವ್ಯವಸ್ಥೆ ಅಂತ ಅವನು ಯೋಚಿಸಿದ್ದು ಕಥೆಯಲ್ಲಿ ಎಲ್ಲೂ ಬರೋದಿಲ್ಲ. ಬಿಟ್ಟುಬಿಡೋದು ಬೇರೆ, ಒಪ್ಪಿಸೋದು ಬೇರೆ. ಮದುವೆಯಲ್ಲಿ ಹೆಣ್ಣೊಪ್ಪಿಸೋ ಶಾಸ್ತ್ರದಲ್ಲಿ ಎಲ್ಲರೂ ಅಳುತ್ತಾರೆ, ಆದರೆ ಯಾರೂ ಅದನ್ನು ಮಗಳನ್ನು ತೊರೆದರು ಅನ್ನೋದಿಲ್ಲ. (ಈ ಹೋಲಿಕೆ ಮಗಳಿಗೆ ಸ್ವಲ್ಪವೂ ಹಿಡಿಸಲಿಲ್ಲ. ಹೆಣ್ಣೇನು ನಾಯಿಮರಿಯಾ ಅಂತ ಕೇಳಿದಳು. ಆ ವಾದ ಇನ್ನೊಂದು ಸಂಚಿಕೆಗೆ ಇರಲಿ.)

"ಅಯ್ಯೋ, ನನ್ನ ಕೈಲಿ ಆಗಲ್ಲಪ್ಪ, ನನಗೆ ನಾಯಿ ಅಂದ್ರೆ ತುಂಬಾ ಪ್ರೀತಿ, ವಾಪಸ್ ಕೊಡೋಕೆ ಮನಸ್ಸೇ ಬರಲ್ಲ" ಅನ್ನುತ್ತಾರೆ ಸ್ನೇಹಿತರು. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಈ ಮಾತಿನಲ್ಲಿ ತಕ್ಕಡಿಯ ಒಂದು ಕಡೆ ನಮಗಾಗುವ ಸಂಕಟ ಮಾತ್ರ ಇದೆ, ಇನ್ನೊಂದು ಕಡೆ ಪಂಜರದಲ್ಲಿ ದಿನ ಎಣಿಸುತ್ತಿರುವ ನಾಯಿ ಕಾಣಿಸೋದೇ ಇಲ್ಲ. ವೀಸಾ ಏನಾಗುತ್ತೋ, ಮುಂದಿನ ವರ್ಷ ಯಾವ ಊರಲ್ಲೋ ಅಂತ ಇರುವ ನಮ್ಮಲ್ಲಿ ಎಷ್ಟೋ ಜನ ಹನ್ನೆರಡು ವರ್ಷದ ಮಾತು ಕೊಡುವ ಸ್ಥಿತಿಯಲ್ಲಿಲ್ಲ. ಎರಡು ತಿಂಗಳ ಮಾತು ಕೊಡಬಹುದು, ಉಳಿಸಿಕೊಳ್ಳಲೂಬಹುದು.

ನಾಯಿಯನ್ನು ಕೊಡಲಾರದೆ ನಾವೇ ಇಟ್ಟುಕೊಂಡರೆ ಇಲ್ಲಿ 'ಫಾಸ್ಟರ್ ಫೇಲ್' ಅಂತ ತಮಾಷೆ ಮಾಡುತ್ತಾರೆ. ಲೆಕ್ಕ ಸುಲಭ: ಕರಿಯನನ್ನು ಇಟ್ಟುಕೊಂಡಿದ್ದರೆ ನಮ್ಮನೆ ತುಂಬಿಹೋಗುತ್ತಿತ್ತು, ಆಮೇಲಿನ ಏಳು ನಾಯಿಗಳು ಬರುತ್ತಿರಲಿಲ್ಲ. ಕಣ್ಣೆದುರಿಗಿರುವ ಒಂದು, ಕಣ್ಣಿಗೆ ಕಾಣದ ಏಳು. ಆದರೂ ಬರೀ ಲೆಕ್ಕದ ಮೇಲೆ ಬದುಕುವವರನ್ನು ನಾನು ಪೂರ್ತಿ ನಂಬುವುದಿಲ್ಲ. ಹದಿಮೂರು ವರ್ಷದ, ಕಣ್ಣು ಮಂಜಾದ ನಾಯಿಯೊಂದನ್ನು ನಮ್ಮ ಪರಿಚಯದವರು ಇಟ್ಟುಕೊಂಡರು. ಅದನ್ನು ಮತ್ತೆ ಜಾಗ ಬದಲಿಸಿದರೆ ಅದಕ್ಕೆ ಗೋಡೆ ಎಲ್ಲಿ, ನೀರಿನ ಬಟ್ಟಲು ಎಲ್ಲಿ ಅಂತ ಕಲಿಯುವಷ್ಟು ದಿನ ಉಳಿದಿರಲಿಲ್ಲ. ಅದು ಫೇಲ್ ಹೇಗಾಗುತ್ತೆ?

ಇಷ್ಟೆಲ್ಲ ಹೇಳಿದ ಮೇಲೆ, ನಾಯಿಗೆ ಸುಳ್ಳು ಹೇಳುತ್ತೇವಾ ಅನ್ನೋದಕ್ಕಿಂತ ದೊಡ್ಡ ಸುಳ್ಳು ಬೇರೆ ಕಡೆ ಇದೆ ಅಂತ ನನಗೆ ಅನ್ನಿಸುತ್ತೆ. ನಾಯಿಯನ್ನು ಪರಿಚಯಿಸೋಕೆ ಫೋಟೋ ಜೊತೆ ನಾಲ್ಕು ಸಾಲು ಬರೆಯುತ್ತಾರೆ. ಅಲ್ಲಿ 'ತುಂಬಾ ಚಟುವಟಿಕೆಯ ನಾಯಿ' ಅಂದರೆ ಸೋಫಾ ಹರಿಯುತ್ತೆ ಅಂತ. 'ಮನೆಗೆ ರಾಣಿಯಾಗಿ ಇರೋಕೆ ಇಷ್ಟ' ಅಂದರೆ ಬೇರೆ ನಾಯಿ ಕಂಡರೆ ಮೈಮೇಲೆ ಬೀಳುತ್ತೆ ಅಂತ. ನಮ್ಮಲ್ಲಿದ್ದ ಒಂದು ಹೆಣ್ಣುನಾಯಿ ತಟ್ಟೆಯ ಹತ್ತಿರ ಯಾರಾದರೂ ಬಂದರೆ ಹಲ್ಲು ತೋರಿಸುತ್ತಿತ್ತು, ಒಮ್ಮೆ ನನ್ನ ತೋಳಿನ ಬಟ್ಟೆ ಹಿಡಿದಿತ್ತು. ಅದನ್ನು ಕೇಳಿ ಬಂದವರು ನಮ್ಮ ಕನ್ನಡದವರೇ, ಬಹಳ ಒಳ್ಳೆಯ ದಂಪತಿ, ಮನೆಯಲ್ಲಿ ಎರಡು ವರ್ಷದ ಮಗು. ಸಂಸ್ಥೆಯವರು ಬರೆದ ಸಾಲಿನಲ್ಲಿ ಈ ವಿಷಯ ಇರಲಿಲ್ಲ. 'ಹೊಸ ಮನೆಯಲ್ಲಿ ಸರಿಹೋಗುತ್ತೆ, ಯಾಕೆ ಹೆದರಿಸ್ತೀರಿ' ಅನ್ನೋದು ಅವರ ವಾದ. ಜಾಗ ಖಾಲಿಯಾದರೆ ಇನ್ನೊಂದು ನಾಯಿ ಉಳಿಯುತ್ತೆ ಅನ್ನೋದು ಅದರ ಹಿಂದಿನ ಲೆಕ್ಕ. ನಾನು ಆ ದಂಪತಿಗೆ ಎಲ್ಲ ಹೇಳಿದೆ, ಬಟ್ಟೆ ಹರಿದದ್ದನ್ನೂ ತೋರಿಸಿದೆ. ಅವರು ತೆಗೆದುಕೊಳ್ಳಲಿಲ್ಲ. ಸಂಸ್ಥೆಯವರು ಕೆಲವು ದಿನ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ನಾಯಿ ಇನ್ನೂ ನಾಲ್ಕು ತಿಂಗಳು ನಮ್ಮಲ್ಲೇ ಇತ್ತು. ಕೊನೆಗೆ ಮಕ್ಕಳಿಲ್ಲದ ಮನೆಗೆ, ಇಂಥ ನಾಯಿಗಳನ್ನು ಪಳಗಿಸಿ ಅಭ್ಯಾಸವಿದ್ದ ಹೆಂಗಸಿನ ಹತ್ತಿರ ಹೋಯಿತು. ಆ ನಾಲ್ಕು ತಿಂಗಳು ಯಾವುದೋ ವ್ಯಾನಿನಲ್ಲಿ ಬರಬೇಕಿದ್ದ ನಾಯಿಗೆ ಜಾಗ ಸಿಗಲಿಲ್ಲ ಅನ್ನೋದೂ ನಿಜವೇ. ಅದರ ಗತಿ ಏನಾಯಿತೋ. ಆದರೂ ಮತ್ತೆ ಅಂಥದೇ ಸಂದರ್ಭ ಬಂದರೆ ಹಾಗೇ ಮಾಡುತ್ತೇನೆ.

ಸಾಗರದಿಂದ ಆರು ತಿಂಗಳಿಗೆ ಬಂದಿದ್ದ ಅಮ್ಮನಿಗೆ ಇದೆಲ್ಲ ವಿಚಿತ್ರ. ಅವಳಿಗೆ ಗೊತ್ತಿದ್ದ ನಾಯಿ ಅಂಗಳದ್ದು, ಹಗಲು ಕಟ್ಟಿ ರಾತ್ರಿ ಬಿಡುವಂಥದ್ದು, ಉಳಿದ ಅನ್ನ ಮಜ್ಜಿಗೆ ತಿನ್ನುವಂಥದ್ದು. ಅಡುಗೆಮನೆ ಹೊಸ್ತಿಲು ದಾಟಿದರೆ ಅವತ್ತು ಗಲಾಟೆ. "ನಾಯಿಗೆ ಮನೆ ಇಲ್ಲ ಅಂದ್ರೆ ಏನೇ? ಬೀದಿ ಇಲ್ವಾ?" ಅಂತ ಕೇಳಿದಳು. ನಗು ಬಂದರೂ ಆ ಪ್ರಶ್ನೆಯಲ್ಲಿ ತೂಕ ಇದೆ. ಅಮೆರಿಕದಲ್ಲಿ ಒಡೆಯನಿಲ್ಲದ ನಾಯಿಗೆ ನಿಲ್ಲೋಕೆ ಜಾಗವೇ ಇಲ್ಲ. ಊರಲ್ಲಿ ಟೀ ಅಂಗಡಿ ಮುಂದಿನ ನಾಯಿ ಯಾರದ್ದೂ ಅಲ್ಲ, ಅನಾಥವೂ ಅಲ್ಲ. ಸಂತಾನಹರಣ ಮಾಡಿ ಲಸಿಕೆ ಹಾಕಿ ಹಿಡಿದ ಜಾಗಕ್ಕೇ ಬಿಡಬೇಕು ಅಂತ 2023ರ ನಿಯಮ ಹೇಳಿದ್ದರ ಹಿಂದೆಯೂ ಈ ತಿಳುವಳಿಕೆ ಇದೆ. ಕಚ್ಚಿಸಿಕೊಂಡವರ ಸಿಟ್ಟು, ರೇಬಿಸ್ ಭಯ ಸುಳ್ಳಲ್ಲ, ಆ ಜಗಳ 2025ರಲ್ಲಿ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಆದರೆ ಬೆಂಗಳೂರಿನ ಬೀದಿಯ ದೊಡ್ಡ ನಾಯಿಯನ್ನು ಇಲ್ಲಿಗೆ ತರೋದು ಹೇಗೆ ಅಂತ ನನಗೆ ಬರೆಯುವ ಕೇಳುಗರಿಗೆ ಒಂದು ಮಾತು. ಭಾರತ ಇಲ್ಲಿನ ಸಿಡಿಸಿಯ ರೇಬಿಸ್ ಪಟ್ಟಿಯಲ್ಲಿರುವ ದೇಶ, 2024ರ ಆಗಸ್ಟ್‌ನಿಂದ ನಿಯಮಗಳು ಇನ್ನೂ ಬಿಗಿಯಾಗಿವೆ. ಕಾಗದಪತ್ರಕ್ಕಿಂತ ಮೊದಲು ಅದಕ್ಕೆ ಈಗಾಗಲೇ ಒಂದು ಬೀದಿ ಇದೆಯಾ ಅಂತ ನೋಡಿ.

ಕರಿಯ ಹೋಗುವ ಹೊತ್ತಿಗೆ ಅಮ್ಮ ಅದಕ್ಕೆ ಚಪಾತಿ ಚೂರು ಹಾಕುವಷ್ಟು ಬಂದಿದ್ದಳು. "ನಾನೂ ಆರು ತಿಂಗಳಿಗೆ ಬಂದೋಳು, ಅದೂ ಹಾಗೇ" ಅಂದಳು ಒಂದು ದಿನ, ಅದರ ಪಕ್ಕ ಕುರ್ಚಿ ಎಳೆದುಕೊಂಡು. ಮಗಳಿಗೆ ಈಗ ಹದಿನಾಲ್ಕು. ನಾಯಿಗಳ ಫೋಟೋ ತೆಗೆಯೋದು, ನಾಲ್ಕು ಸಾಲು ಬರೆಯೋದು ಅವಳದೇ ಕೆಲಸ. ಕಚ್ಚುತ್ತೆ ಅಂದರೆ ಕಚ್ಚುತ್ತೆ ಅಂತಲೇ ಬರೆಯುತ್ತಾಳೆ. ಆದರೆ ಕಾರು ಬಂದಾಗ ಕೆಳಗೆ ಇಳಿದು ಬರೋದಿಲ್ಲ, ಮಹಡಿಯ ಮೇಲೆಯೇ ಬೈ ಹೇಳಿ ಬಾಗಿಲು ಹಾಕಿಕೊಳ್ಳುತ್ತಾಳೆ. ನಾನು ಕರೆಯೋದೂ ಇಲ್ಲ.

ಈ ಶನಿವಾರ ಸೌತ್ ಕ್ಯಾರೊಲೈನಾದಿಂದ ಇನ್ನೊಂದು ಬರುತ್ತಿದೆ. ಒಂಬತ್ತು ವರ್ಷದ್ದು, ಅರ್ಧ ಹಲ್ಲು ಇಲ್ಲವಂತೆ. ಫೋನಿನಲ್ಲಿ ಹೇಳಿದಾಗ ಅಮ್ಮ, "ಹಾಗಾದ್ರೆ ಅನ್ನ ಸ್ವಲ್ಪ ಮೆತ್ತಗೆ ಮಾಡು" ಅಂದಳು.