ಬೇರು ಬಿಡದ ಟೊಂಗೆ

ಆಷಾಢದ ಮಳೆ ಹಿಡಿಯುತ್ತಲೆ ಅಂಕೋಲೆಯ ಹಿತ್ತಿಲುಗಳಲ್ಲಿ ದಾಸವಾಳದ ಟೊಂಗೆಗಳನ್ನೂ ಮೆಣಸಿನ ಬಳ್ಳಿಯ ತುಂಡುಗಳನ್ನೂ ನೆಡುವದುಂಟು. ಕೆಲವು ಚಿಗುರುವವು, ಕೆಲವು ಬುಡ ಕಪ್ಪಾಗಿ ಕೊಳೆಯುವವು. ಆಗ ನೆಟ್ಟವನು ತನಗೆ ಕೈಗುಣವಿಲ್ಲವೆಂದೋ ಟೊಂಗೆಯೇ ಸರಿಯಿಲ್ಲವೆಂದೋ ನಿಟ್ಟುಸಿರಿಟ್ಟು ಸುಮ್ಮನಾಗುವನು. ಮಾತು ಸಣ್ಣದೆಂದು ತೋರಿದರೂ ಇದರಲ್ಲಿ ದೊಡ್ಡದೊಂದು ಪ್ರಶ್ನೆ ಅಡಗಿರುವದು: ಕಾರ್ಯವು ಕೆಟ್ಟಾಗ ದೋಷವನ್ನು ಯಾರ ಮೇಲೆ ಹೊರಿಸತಕ್ಕದ್ದು?

ಭಗವದ್ಗೀತೆಯ 18ನೆಯ ಅಧ್ಯಾಯವು ಕರ್ಮಸಿದ್ಧಿಗೆ ಐದು ಕಾರಣಗಳನ್ನು ಎಣಿಸಿರುವದು: ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ. ಶಂಕರರ ಭಾಷ್ಯದಲ್ಲಿ ಅಧಿಷ್ಠಾನವೆಂದರೆ ಶರೀರ. ತೋಟಗಾರನಿಗಾದರೋ ಅದು ಮಣ್ಣು. ದೈವಕ್ಕೆ ಅಲ್ಲಿ ದೊರೆತದ್ದು ಐದನೆಯ ಸ್ಥಾನ. ಜನರ ಬಾಯಲ್ಲಿ ಮಾತ್ರ ಅದೇ ಮೊದಲು ಬರುವದು.

ನೀರು ನಿಂತ ಮಣ್ಣಿನಲ್ಲಿ ಗಾಳಿಯಾಡದೆ ಬುಡ ಕೊಳೆತರೆ ಅದು ಅಧಿಷ್ಠಾನದ ದೋಷ. ತುದಿ ಬುಡಗಳನ್ನರಿಯದೆ ತಲೆಕೆಳಗಾಗಿ ನೆಟ್ಟರೆ ಕರ್ತೃವಿನ ದೋಷ. ಮೊಂಡು ಕತ್ತಿಯು ಕಡಿಯುವ ಬದಲು ಜಜ್ಜಿದರೆ ಕರಣದ ದೋಷ. ನೀರೆಳೆಯಲು ಬೇರಿಲ್ಲದ ಟೊಂಗೆಯ ಮೇಲೆ ಎಲೆಗಳನ್ನೆಲ್ಲ ಉಳಿಸುವದು, ಬೇರು ಬಂದಿತೇ ಎಂದು ದಿನವೂ ಕಿತ್ತು ನೋಡುವದು, ಇವು ಚೇಷ್ಟೆಯ ದೋಷಗಳು. ಈ ನಾಲ್ಕನ್ನೂ ಶೋಧಿಸಿದವನಿಗೆ ಮಾತ್ರ ಐದನೆಯದರ ಹೆಸರೆತ್ತುವ ಅಧಿಕಾರವುಂಟು.

ಆ ಐದನೆಯದೂ ಕೈಚೆಲ್ಲಲು ನೆಪವಲ್ಲ. ಮಾವಿನ ಟೊಂಗೆಯನ್ನು ಮಣ್ಣಿನಲ್ಲಿ ಊರಿದರೆ ಅದು ಬೇರು ಬಿಡುವದು ಅಪರೂಪ. ಅದು ಅದರ ಸ್ವಭಾವ. ಅದೇ ಟೊಂಗೆಯನ್ನು ಗೊರಟಿನಿಂದ ಹುಟ್ಟಿದ ಸಸಿಗೆ ಕಸಿ ಕಟ್ಟಿದರೆ ಮರವಾಗಿ ಫಲ ಕೊಡುವದು. 2023ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಅಂಕೋಲೆಯ ಕರಿ ಇಶಾಡು ಮಾವನ್ನೂ ಹೀಗೆಯೇ ಬೆಳೆಸಬಹುದು. ಸ್ವಭಾವವನ್ನರಿತು ದಾರಿಯನ್ನು ಬದಲಿಸುವದೇ ಪುರುಷಕಾರ.

ಮನುಷ್ಯರ ವಿಷಯದಲ್ಲಿ ಈ ವಿವೇಕವು ಇನ್ನೂ ಹೆಚ್ಚು ಬೇಕು. 1986ರಲ್ಲಿ ಶಂಕುಸ್ಥಾಪನೆಯಾಗಿ 2005ರಲ್ಲಿ ಕಾರ್ಯಾರಂಭಗೊಂಡ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲೆಗಳ ಕಡಲಂಚಿನ ಊರುಗಳಿಂದ ಮೀನುಗಾರರೂ ರೈತರೂ ಎದ್ದುಹೋಗಬೇಕಾಯಿತು. ದೇಶರಕ್ಷಣೆಯ ಅಗತ್ಯವನ್ನು ಯಾರೂ ಅಲ್ಲಗಳೆಯರು. ಆದರೆ ಕಡಲನ್ನೇ ನಂಬಿ ಬಾಳಿದ ಮನೆತನವೊಂದು ಹೊಸ ನೆಲದಲ್ಲಿ ನಿಲ್ಲದೆ ಹೋದರೆ, ದುಡಿದು ಬಾಳುವ ಬುದ್ಧಿಯೇ ಅದಕ್ಕಿಲ್ಲವೆಂದು ಹೇಳಿಬಿಡುವದು ಬಹು ಸುಲಭ. ಅದು ನಾಲ್ಕು ಕಾರಣಗಳನ್ನು ನೋಡದೆ ಟೊಂಗೆಯನ್ನು ಜರೆದಂತೆ.

ಇನ್ನೊಂದು ಭ್ರಾಂತಿಯೂ ಉಂಟು. ಕಡಿದ ಟೊಂಗೆಯು ತನ್ನೊಳಗೆ ಉಳಿದ ಸಾರದಿಂದಲೇ ಎರಡೆಲೆ ಬಿಡಬಲ್ಲದು. ಅದನ್ನು ಕಂಡು ಬೇರು ಬಂದಿತೆಂದು ಹಿಗ್ಗಿದವನು ಮೋಸಹೋಗುವನು. ಪರಿಹಾರದ ಹಣದಿಂದ ಎದ್ದ ಮನೆಯು ಅಂಥ ಎಲೆ. ಕಸುಬು, ನೆರೆಹೊರೆ, ಊರದೇವರ ಜಾತ್ರೆ, ಇವು ಬೇರು.

ಟೊಂಗೆಯು ತಾನಾಗಿ ಮರವನ್ನು ಬಿಟ್ಟು ಬಂದುದಲ್ಲ. ಕಡಿದ ಕೈಯ ಮೇಲೆಯೇ ಅದನ್ನು ಬೇರೂರಿಸುವ ಹೊಣೆಯೂ ಇರುವದು.