ಸಂಭವವು ಸತ್ಯವಲ್ಲ

ಬೆರಳಿನ ಗಂಟುಗಳು ಬಾತು, ಮುಂಜಾನೆ ಕೈ ಮಡಿಸಲಾರದೆ ಬಂದ ರೋಗಿಗೆ ಮೊದಲ ದಿನವೇ ರೋಗದ ಹೆಸರು ಹೇಳುವುದು ನುರಿತ ವೈದ್ಯರಿಗೂ ಸುಲಭವಲ್ಲ. ರುಮಟಾಯ್ಡ್ ಸಂಧಿವಾತ, ಗೌಟ್, ಲೂಪಸ್, ಸೋರಿಯಾಸಿಸ್‌ನೊಡನೆ ಬರುವ ಸಂಧಿವಾತ, ಬೆನ್ನುಮೂಳೆಯನ್ನು ಬಿಗಿಯುವ ಸಂಧಿವಾತ ಇವು ಆರಂಭದಲ್ಲಿ ಒಂದನ್ನೊಂದು ಹೋಲಬಲ್ಲವು. ಚಿಕಿತ್ಸೆಯಾದರೋ ಒಂದೊಂದಕ್ಕೂ ಬೇರೆ. ತಡವಾದರೆ ಕೀಲಿಗೆ ಆದ ಹಾನಿ ಮತ್ತೆ ಸರಿಹೋಗದಿರಬಹುದು.

ಇದಕ್ಕೆ ನೆರವಾಗಬಲ್ಲ ಒಂದು ವಿಧಾನವನ್ನು ನೆದರ್‌ಲೆಂಡ್ಸ್‌ನ ಲೈಡನ್ ಮತ್ತು ಅಮೆರಿಕದ ಬಾಸ್ಟನ್‌ನ ಸಂಶೋಧಕರು 2020ರಲ್ಲಿ ಪ್ರಕಟಿಸಿದರು. ವಂಶವಾಹಿಗಳಲ್ಲಿರುವ ಅನೇಕ ಸಣ್ಣ ವ್ಯತ್ಯಾಸಗಳ ಪ್ರಭಾವವನ್ನು ಕೂಡಿಸಿ, ಮೇಲಿನ ಐದು ರೋಗಗಳಲ್ಲಿ ಯಾವುದು ಎಷ್ಟು ಸಂಭವವೆಂದು ಅದು ಅಂಕಗಳಲ್ಲಿ ತಿಳಿಸುತ್ತದೆ. ಅಸಂಭವವಾದ ರೋಗಗಳನ್ನು ಬದಿಗಿಡಲು ಅದು ವೈದ್ಯರಿಗೆ ಸಹಾಯಕವಾಗುತ್ತದೆ.

ಇಂತಹ ಅಂಕವನ್ನು ಕೇಳುವ ಅಧಿಕಾರ ಯಾರಿಗಿದೆ? ನೋವಿನಿಂದ ಬಳಲುವವನಿಗೆ ಇದೆ. ಅವನ ವೈದ್ಯರಿಗೂ ಇದೆ. ಆದರೆ ನಾಳೆ ಹೆಣ್ಣು ನೋಡಲು ಬಂದವರು ಜಾತಕದ ಜೊತೆಗೆ ಈ ಅಂಕವನ್ನೂ ಕೇಳಿದರೆ?

ಈ ಲೆಕ್ಕವು ಆರಂಭವಾಗುವುದೇ 'ಈತನ ಕೀಲು ಈಗಾಗಲೇ ಬಾತಿದೆ' ಎಂಬಲ್ಲಿಂದ. ಆ ಮಾತನ್ನು ತೆಗೆದರೆ ಅಂಕದ ಅರ್ಥವೇ ಬದಲಾಗುತ್ತದೆ. ಎಚ್.ಎಲ್.ಎ.-ಬಿ 27 ಎಂಬ ವಂಶಗುರುತಿಗೂ ಬೆನ್ನುಮೂಳೆಯ ಸಂಧಿವಾತಕ್ಕೂ ಇರುವ ಸಂಬಂಧವು 1973ರಲ್ಲಿ ಪ್ರಕಟವಾಯಿತು. ಯೂರೋಪ್ ಮೂಲದ ರೋಗಿಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿಗೆ ಆ ಗುರುತು ಇರುತ್ತದೆ. ಆದರೂ ಆ ಗುರುತುಳ್ಳವರಲ್ಲಿ ಬಹುಪಾಲು ಜನರಿಗೆ ಆ ರೋಗ ಎಂದೂ ಬರುವುದಿಲ್ಲ. ರೋಗಿಯಲ್ಲಿ ಸಾಕ್ಷಿಯಾದುದು ನಿರೋಗಿಯಲ್ಲಿ ಬರಿಯ ಸಂದೇಹ. ಅಲ್ಲದೆ ಇಂತಹ ಅಂಕಗಳು ಬಹುಮಟ್ಟಿಗೆ ಯೂರೋಪ್ ಮೂಲದವರ ಮಾಹಿತಿಯಿಂದ ರೂಪುಗೊಂಡಿವೆ. ಭಾರತೀಯರ ವಿಷಯದಲ್ಲಿ ಅವುಗಳ ನಿಖರತೆ ಕಡಿಮೆಯಾಗಬಹುದು.

'ಮುಚ್ಚಿಡುವುದು ಸತ್ಯಕ್ಕೆ ದ್ರೋಹವಲ್ಲವೆ?' ಎಂದು ಕೆಲವರು ಕೇಳಬಹುದು. ಇರುವ ಕಾಯಿಲೆಯನ್ನು ಮರೆಮಾಚಿ ಸಂಬಂಧ ಬೆಳೆಸುವುದು ತಪ್ಪೇ ಸರಿ. ಆದರೆ ಹುಟ್ಟದೆ ಇರುವ ರೋಗವನ್ನು ಯಾರೂ ಬಚ್ಚಿಡಲಾರರು. ಸಂಭವವನ್ನೇ ಸತ್ಯವೆಂದು ಸಾರಿ ಆರೋಗ್ಯವಂತಳಾದ ಕನ್ಯೆಯನ್ನು ರೋಗಿಯೆಂದು ಎಣಿಸುವುದೇ ನಿಜವಾದ ಅಸತ್ಯ. ಅದರ ಪೆಟ್ಟು ಅವಳೊಬ್ಬಳಿಗೇ ಬೀಳುವುದಿಲ್ಲ. ಒಡಹುಟ್ಟಿದವರು ವಂಶವಾಹಿಗಳನ್ನು ಹಂಚಿಕೊಂಡವರಾದ್ದರಿಂದ ಅಣ್ಣತಂಗಿಯರ ಮೇಲೂ ಅದೇ ಶಂಕೆ ಹರಡುತ್ತದೆ.

ಆದುದರಿಂದ ನೋವಿದ್ದವರು ಸಂಕೋಚಪಡದೆ ಪರೀಕ್ಷೆಗೆ ಒಳಗಾಗಲಿ, ಬೇಗ ಚಿಕಿತ್ಸೆ ಪಡೆಯಲಿ. ಅದರ ಫಲಿತಾಂಶವು ರೋಗಿ ಮತ್ತು ವೈದ್ಯರ ನಡುವೆಯೇ ಉಳಿಯಲಿ. ಸಂಬಂಧ ಕುದುರಿಸುವ ಹಿರಿಯರು ಅದನ್ನು ಕೇಳದಿರುವ ವಿವೇಕವನ್ನು ಈಗಿನಿಂದಲೇ ರೂಢಿಸಿಕೊಳ್ಳುವುದು ಲೇಸು.